ಸೊನ್ನೆ ತೋರಿಸುತ್ತಿದ್ದ ಚೇಂಬರ್

ಪ್ರೋಟಾನ್ ಲಿನ್ಯಾಕ್ (ಪ್ರೋಟಾನ್‌ಗಳನ್ನು ನೇರ ಸಾಲಿನಲ್ಲಿ ಓಡಿಸಿ ವೇಗ ಕೊಡುವ ಯಂತ್ರ) ಒಂದರಲ್ಲಿ ಬೀಮ್ ಲಾಸ್ ಮಾನಿಟರ್‌ಗಳನ್ನು ನೋಡಿಕೊಳ್ಳುವುದು ನನ್ನ ಕೆಲಸವಾಗಿತ್ತು. ಪೈಪಿನೊಳಗೆ ಓಡುವ ಪ್ರೋಟಾನ್‌ಗಳಲ್ಲಿ ಒಂದಿಷ್ಟು ದಾರಿ ತಪ್ಪಿ ಗೋಡೆಗೆ ಬಡಿಯುತ್ತವೆ. ಎಲ್ಲಿ, ಎಷ್ಟು ಅಂತ ಹಿಡಿಯಬೇಕು.

ಎರಡು ಕಡೆ ಬೀಮ್ ಕರೆಂಟ್ ಅಳೆದು ಕಳೆದರೆ ಆಯ್ತಲ್ವಾ ಅಂತ ಹೊಸಬರು ಕೇಳುತ್ತಾರೆ. ಲೆಕ್ಕ ಹಾಕಿ ನೋಡಿ. ಪ್ರೋಟಾನ್ ಬಡಿದ ಜಾಗ ವಿಕಿರಣ ಸೂಸತೊಡಗುತ್ತದೆ, ಮೆಷಿನ್ ನಿಲ್ಲಿಸಿದ ಮೇಲೆ ಜನ ಹತ್ತಿರ ಹೋಗಿ ರಿಪೇರಿ ಮಾಡುವಂತಿರಬೇಕಾದರೆ ಮೀಟರಿಗೆ ಸುಮಾರು 1 ವ್ಯಾಟ್‌ಗಿಂತ ಜಾಸ್ತಿ ಬೀಮ್ ಪೋಲಾಗಬಾರದು. 1 ಮೆಗಾವ್ಯಾಟ್ ಬೀಮ್‌ನಲ್ಲಿ ಅದು ಹತ್ತು ಲಕ್ಷಕ್ಕೆ ಒಂದು ಪಾಲು. ಬೀಮ್ ಕರೆಂಟ್ ಅಳೆಯುವ ಕರೆಂಟ್ ಟ್ರಾನ್ಸ್‌ಫಾರ್ಮರ್ ಬರೀ 0.1% ತಪ್ಪಿದರೂ 1 ಕಿಲೋವ್ಯಾಟ್ ಲೆಕ್ಕಕ್ಕೇ ಸಿಗುವುದಿಲ್ಲ. ಹಾಗಾಗಿ ಪೈಪಿನಿಂದ ಹೊರಗೆ ಚಿಮ್ಮುವ ವಿಕಿರಣವನ್ನೇ ಹಿಡಿಯಬೇಕು. ನಾನು ಬಳಸಿದ್ದು ಅಯೊನೈಸೇಶನ್ ಚೇಂಬರ್: ಗ್ಯಾಸ್ ತುಂಬಿದ ಡಬ್ಬಿ, ಒಳಗೆ ಹೈ ವೋಲ್ಟೇಜ್, ವಿಕಿರಣ ಹಾಯ್ದರೆ ಸಣ್ಣ ಕರೆಂಟ್ ಹರಿಯುತ್ತದೆ. ಬೀಮ್ ಅಗಲವಾಗುವುದು ಅದನ್ನು ಫೋಕಸ್ ಮಾಡುವ ಕ್ವಾಡ್ರುಪೋಲ್ ಮ್ಯಾಗ್ನೆಟ್‌ಗಳ ಬಳಿ, ಅದಕ್ಕೇ ಅವುಗಳ ಪಕ್ಕದಲ್ಲಿ ಕೂರಿಸಿದೆ.

ಮೊದಲ ತಲೆನೋವು, ಬೀಮ್ ಇಲ್ಲದಿದ್ದರೂ ಲಾಸ್ ಕಾಣುತ್ತಿತ್ತು. ಅದು ಆರ್‌ಎಫ್ ಕ್ಯಾವಿಟಿಯ, ಅಂದರೆ ರೇಡಿಯೋ ತರಂಗದಿಂದ ಪ್ರೋಟಾನ್‌ಗಳಿಗೆ ವೇಗ ಕೊಡುವ ಲೋಹದ ಕೋಣೆಯ, ಎಕ್ಸ್‌ರೇ. ಪ್ರತಿ ಪಲ್ಸ್‌ನಲ್ಲೂ ಕ್ಯಾವಿಟಿಯಲ್ಲಿ ತರಂಗ ತುಂಬಿ, ಬೀಮ್ ಇನ್ನೂ ಬರದ ಆ ಚಿಕ್ಕ ಗಳಿಗೆಯಲ್ಲಿ ಅಳೆದು ಕಳೆದೆ. ಪೂರ್ತಿ ಹೋಗಲಿಲ್ಲ, ಆದರೆ ಕೆಲಸ ನಡೆಯಿತು.

ನಿಜವಾಗಿ ಕಾಡಿದ್ದು ಇನ್ನೊಂದು. ಒಂದು ಚೇಂಬರ್ ವಾರಗಟ್ಟಲೆ ಸೊನ್ನೆ ತೋರಿಸುತ್ತಿತ್ತು. ಅಕ್ಕಪಕ್ಕದವು ಅಷ್ಟಿಷ್ಟು ತೋರಿಸುವಾಗ ಇದೊಂದು ತಣ್ಣಗೆ ಕೂತಿತ್ತು. ಕಂಟ್ರೋಲ್ ರೂಮಿನಲ್ಲಿ ಎಲ್ಲರಿಗೂ ಖುಷಿ, ನನಗೂ. ಮೆಷಿನ್ ನಿಲ್ಲಿಸಿ ವಿಕಿರಣ ಅಳೆಯುವ ಸರ್ವೆ ಮೀಟರ್ ಹಿಡಿದು ಟನೆಲ್‌ನಲ್ಲಿ ನಡೆದಾಗ, ಸರಿಯಾಗಿ ಅದೇ ಮ್ಯಾಗ್ನೆಟ್ ಹತ್ತಿರ ಮುಳ್ಳು ಮೇಲೇರಿತು. ಆಮೇಲೆ ಚೇಂಬರಿನ ಹಿಂದೆ ಕೈ ಹಾಕಿದೆ. ಸಿಗ್ನಲ್ ಕನೆಕ್ಟರ್ ನೋಡಲು ಕೂತಂತೆಯೇ ಇತ್ತು, ಬೆರಳು ತಾಗಿಸಿದರೆ ಗಡಗಡ ಅಲ್ಲಾಡಿತು. ಬೀಮ್ ನಿಲ್ಲಿಸುವ ಇಂಟರ್‌ಲಾಕ್‌ಗೂ ಇದೇ ಸಿಗ್ನಲ್ ಹೋಗುತ್ತಿತ್ತು. ಬೀಮ್ ಅಲ್ಲಿ ಪೂರ್ತಿ ಗೋಡೆಗೆ ಹೊಡೆದಿದ್ದರೂ ಆ ಚೇಂಬರ್ ತುಟಿ ಬಿಚ್ಚುತ್ತಿರಲಿಲ್ಲ.

ಯುರೋಪಿನ ಸರ್ನ್ ಪ್ರಯೋಗಾಲಯದ ದೈತ್ಯ ವೇಗವರ್ಧಕ ಎಲ್‌ಎಚ್‌ಸಿಯಲ್ಲಿ ಇಂಥ ಸುಮಾರು 3,600 ಚೇಂಬರ್‌ಗಳಿವೆ. ಒಂದೊಂದನ್ನೂ ಕೈಯಿಂದ ಅಲ್ಲಾಡಿಸಿ ನೋಡಲಾಗುತ್ತದೆಯೇ? ಅವರ ಉಪಾಯವನ್ನೇ ನಾನೂ ಹಿಡಿದೆ. ಬೀಮ್ ಇಲ್ಲದಾಗ ಹೈ ವೋಲ್ಟೇಜ್ ಮೇಲೆ ನಿಧಾನವಾದ ಸಣ್ಣ ಏರಿಳಿತ ಕೊಡುವುದು. ಚೇಂಬರ್ ಒಂದು ಕೆಪ್ಯಾಸಿಟರ್ ಕೂಡ ತಾನೇ, ಅದೇ ಏರಿಳಿತ ಸಿಗ್ನಲ್‌ನಲ್ಲೂ ಕಾಣಬೇಕು. ಕಾಣದಿದ್ದರೆ ಕೇಬಲ್ ಎಲ್ಲೋ ಬಿಟ್ಟಿದೆ. ಗ್ಯಾಸ್ ಸೋರಿದರೆ ಮಾತ್ರ ಇದರಿಂದ ಗೊತ್ತಾಗುವುದಿಲ್ಲ. ಅದಕ್ಕೆ ರೇಡಿಯೋಆಕ್ಟಿವ್ ಸೋರ್ಸ್ ಹಿಡಿದು ಡಬ್ಬಿಯಿಂದ ಡಬ್ಬಿಗೆ ನಡೆಯಲೇಬೇಕು.

ಮೊದಲ ಸಲ ಪರೀಕ್ಷೆ ಓಡಿಸಿದಾಗ ಇನ್ನೂ ಎರಡು ಚೇಂಬರ್ ಉತ್ತರ ಕೊಡಲಿಲ್ಲ. ಎರಡೂ ಸ್ಕ್ರೀನ್ ಮೇಲೆ ಹಸಿರಾಗಿಯೇ ಇದ್ದವು.