ವಿದ್ಯಾರ್ಥಿಯ ಮೊಬೈಲಿನಲ್ಲಿ ನಿಮ್ಮ ಪಾಠ ಹೇಗೆ ಕಾಣುತ್ತದೆ?

ಸೆಮಿಸ್ಟರಿನ ಮೂರನೆಯ ವಾರ ವಿದ್ಯಾರ್ಥಿನಿಯೊಬ್ಬಳು ತನ್ನ ಮೊಬೈಲನ್ನು ನನ್ನ ಕೈಗಿತ್ತು, 'ಮೇಡಂ, ಅಸೈನ್‌ಮೆಂಟ್ ಎಲ್ಲಿದೆ, ತೋರಿಸಿ' ಎಂದಳು. ಕೋರ್ಸ್ ಪುಟ ಜೋಡಿಸಿದವಳು ನಾನೇ. ಆದರೂ ಹುಡುಕಲು ನಾಲ್ಕು ನಿಮಿಷ ಹಿಡಿಯಿತು. 'ಪಾಠ ಹೊಸದು', 'ಪಾಠ ಹೊಸದು 2', 'ಪಾಠ ಅಂತಿಮ' ಎಂಬ ಮೂರು ಕಡತಗಳು ಒಂದರ ಕೆಳಗೊಂದು ಕುಳಿತಿದ್ದವು. ಅವಳು ಹಿಂದಿನ ರಾತ್ರಿ ಓದಿದ್ದು ಹಳೆಯದನ್ನು. ಅಂದಿನಿಂದ ನಾನು ಯಾವ ಪಾಠವನ್ನೂ ಮೊದಲು ವಿದ್ಯಾರ್ಥಿಯಾಗಿ ತೆರೆದು ನೋಡದೆ ಪ್ರಕಟಿಸುವುದಿಲ್ಲ.

ನೀವೂ ಹಾಗೆ ಮಾಡಿ. ಕೋರ್ಸ್ ಪುಟಗಳಿಗಾಗಿ ಮೂಡಲ್ (Moodle) ತಂತ್ರಾಂಶ ಬಳಸುತ್ತಿದ್ದರೆ ಅದರಲ್ಲಿ ಪಾತ್ರ ಬದಲಿಸುವ ಸೌಲಭ್ಯವಿದೆ. 'ವಿದ್ಯಾರ್ಥಿ' ಎಂಬುದನ್ನು ಆರಿಸಿಕೊಂಡು ಮೊಬೈಲಿನ ಬ್ರೌಸರಿನಲ್ಲೇ ನೋಡಿ. 'ವಾರ 3: ಸಂಭವನೀಯತೆ' ಎಂಬಂತೆ ಕಡತದ ಹೆಸರಿನಲ್ಲಿ ವಾರವೂ ವಿಷಯವೂ ಇರಲಿ. ಹಳೆಯ ಪ್ರತಿಯನ್ನು ಮರೆಮಾಡಿ.

ಬಳಿಕ ಪಿಡಿಎಫ್ ತೆರೆದು ಒಂದು ಪದದ ಮೇಲೆ ಬೆರಳೊತ್ತಿ ಹಿಡಿಯಿರಿ. ಪದ ಆಯ್ಕೆಯಾಗದಿದ್ದರೆ ಅಲ್ಲಿರುವುದು ಬಹುಶಃ ಅಕ್ಷರವಲ್ಲ, ಪುಟದ ಚಿತ್ರ. ಕಣ್ಣು ಕಾಣದ ವಿದ್ಯಾರ್ಥಿಗೆ ಪರದೆಯ ಅಕ್ಷರಗಳನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ಅಂಥ ಪುಟದ ಮುಂದೆ ಮೂಕವಾಗುತ್ತದೆ. ಅಕ್ಷರ ಗುರುತಿಸುವ ಒಸಿಆರ್ ತಂತ್ರಾಂಶದಿಂದ ಅದನ್ನು ಸರಿಪಡಿಸಿ. ಇದೊಂದನ್ನು ದಯವಿಟ್ಟು ನಾಳೆಗೆ ಬಿಡಬೇಡಿ.

ವಿಡಿಯೊಗಳನ್ನು ಚಿಕ್ಕದಾಗಿಸಿ. ಎಡ್‌ಎಕ್ಸ್ ಎಂಬ ಆನ್‌ಲೈನ್ ಕಲಿಕಾ ತಾಣದ ಕೋರ್ಸುಗಳಲ್ಲಿ ವಿಡಿಯೊ ನೋಡಿದ 69 ಲಕ್ಷ ದಾಖಲೆಗಳನ್ನು ಪರಿಶೀಲಿಸಿ 2014ರಲ್ಲಿ ಪ್ರಕಟವಾದ ಅಧ್ಯಯನವೊಂದು, ವಿಡಿಯೊ ಎಷ್ಟೇ ಉದ್ದವಿದ್ದರೂ ನೋಡುವ ಮಧ್ಯಾಂಕ ಅವಧಿ (ಅವಧಿಗಳನ್ನು ಏರಿಕೆಯಲ್ಲಿ ಜೋಡಿಸಿದಾಗ ನಟ್ಟನಡುವೆ ಬರುವುದು) ಹೆಚ್ಚೆಂದರೆ 6 ನಿಮಿಷ ಎಂದು ಕಂಡುಕೊಂಡಿತು. ನಾನು ಈಗ ಒಂದು ವಿಡಿಯೊದಲ್ಲಿ ಒಂದೇ ಪ್ರಶ್ನೆಗೆ ಉತ್ತರ ಹೇಳಿ ಮುಗಿಸುತ್ತೇನೆ.

ತರಗತಿಯಲ್ಲಿ ಮೊಬೈಲ್ ನನಗೆ ಶತ್ರುವಲ್ಲ. ಹಾರ್ವರ್ಡಿನ ಭೌತಶಾಸ್ತ್ರಜ್ಞ ಎರಿಕ್ ಮಜೂರ್ 1990ರ ದಶಕದಲ್ಲಿ ರೂಪಿಸಿದ ಸಹಪಾಠಿ ಬೋಧನೆಯ ಕ್ರಮವನ್ನು ಅದರಲ್ಲೇ ನಡೆಸುತ್ತೇನೆ. ಉದಾಹರಣೆಗೆ ಈ ಪ್ರಶ್ನೆ: ದೋಷವಿಲ್ಲದ ನಾಣ್ಯ ಸತತ ಐದು ಬಾರಿ ತಲೆ ಬಿದ್ದಿದೆ, ಆರನೆಯ ಬಾರಿ ತಲೆ ಬೀಳುವ ಸಾಧ್ಯತೆ ಹೆಚ್ಚೋ, ಕಡಿಮೆಯೋ, ಅಷ್ಟೇಯೋ? ಎಲ್ಲರೂ ಮಾತಾಡದೆ ಮೊಬೈಲಿನಲ್ಲಿ ಮತ ಹಾಕಬೇಕು. ಸರಿಯುತ್ತರ ಕೊಟ್ಟವರು ಸುಮಾರು ಶೇ 30ರಿಂದ 70ರಷ್ಟಿದ್ದರೆ ಉತ್ತರ ಹೇಳಬೇಡಿ, ಮತಗಳ ಚಿತ್ರವನ್ನೂ ತೋರಿಸಬೇಡಿ. 'ಪಕ್ಕದವರನ್ನು ಒಪ್ಪಿಸಿ' ಎಂದಷ್ಟೇ ಹೇಳಿ. ಮೊದಲು ಪಿಸುಮಾತು, ಆಮೇಲೆ ವಾದ. ಕೊನೆಯ ಬೆಂಚಿನ ಹುಡುಗ ಒಮ್ಮೆ ಜೇಬಿನಿಂದ ನಾಣ್ಯ ತೆಗೆದು ಮೇಜಿನ ಮೇಲಿಟ್ಟು, 'ಹಿಂದೆ ಏನು ಬಿತ್ತೆಂದು ಇದಕ್ಕೇನು ಗೊತ್ತು?' ಎಂದು ಗೆಳೆಯನನ್ನು ಕೇಳಿದ. ಹತ್ತು ವರ್ಷಗಳಲ್ಲಿ ನಾನು ಅಷ್ಟು ಚೆನ್ನಾಗಿ ಹೇಳಿರಲಿಲ್ಲ. ಮಾತು ಇಳಿದ ಮೇಲೆ ಮತ್ತೆ ಮತ ಹಾಕಿಸಿ, ಆಮೇಲಷ್ಟೇ ವಿವರಿಸಿ.

ಸೆಮಿಸ್ಟರ್ ನಡುವೆ, ಹೆಸರು ಕೇಳದೆ, ಒಂದು ಪ್ರಶ್ನೆ ಕಳುಹಿಸಿ: 'ಯಾವುದು ನಿಮ್ಮ ಸಮಯವನ್ನು ವ್ಯರ್ಥ ಮಾಡುತ್ತಿದೆ?' ನನಗೆ ಬಂದ ಉತ್ತರಗಳಲ್ಲಿ ಹೆಚ್ಚಿನವು ಸೂಚನೆಗಳ ಬಗ್ಗೆಯೇ ಇದ್ದವು: ಇಮೇಲಿನಲ್ಲಿ ಒಂದು, ವಾಟ್ಸ್‌ಆ್ಯಪಿನಲ್ಲಿ ಇನ್ನೊಂದು, ಕೋರ್ಸ್ ಪುಟದಲ್ಲಿ ಮತ್ತೊಂದು. ಈಗ ಎಲ್ಲ ಸೂಚನೆಗಳೂ ಸೋಮವಾರ ಬೆಳಿಗ್ಗೆ, ಕೋರ್ಸ್ ಪುಟದ ಮೇಲ್ತುದಿಯಲ್ಲಿ ಮಾತ್ರ.