ಟ್ಯೂಬ್ಯುಲರ್ ಕ್ಯಾನ್ಸರ್: ಎಷ್ಟು ಕತ್ತರಿಸಬೇಕು?

ಕ್ಯಾನ್ಸರ್ ಎಂದು ವರದಿ ಬಂದ ಕೂಡಲೇ 'ಇಡೀ ಸ್ತನವನ್ನೇ ತೆಗೆದುಬಿಡಿ ಡಾಕ್ಟರೇ' ಎನ್ನುವ ಮನೆಯವರೇ ಹೆಚ್ಚು. ಗಂಟು ಟ್ಯೂಬ್ಯುಲರ್ ಕಾರ್ಸಿನೋಮಾ ಆಗಿದ್ದರೆ ನಾನು ಅಷ್ಟು ಸುಲಭವಾಗಿ ಒಪ್ಪುವುದಿಲ್ಲ. ಸ್ತನ ಕ್ಯಾನ್ಸರ್‌ಗಳಲ್ಲಿ ನೂರಕ್ಕೆ ಒಂದೆರಡು ಮಾತ್ರ ಈ ಬಗೆಯವು. ಶೇ 90ಕ್ಕಿಂತ ಹೆಚ್ಚು ಭಾಗ ಅಚ್ಚುಕಟ್ಟಾದ ಪುಟ್ಟ ನಳಿಕೆಗಳಿಂದಲೇ ಆಗಿದ್ದರಷ್ಟೇ ಆ ಹೆಸರು. ಅಂಥವರ ಆಯುಸ್ಸು ಅದೇ ವಯಸ್ಸಿನ ಉಳಿದ ಹೆಂಗಸರದಕ್ಕಿಂತ ಹೆಚ್ಚು ಕಡಿಮೆಯೇನೂ ಆಗುವುದಿಲ್ಲ.

ಶಸ್ತ್ರಚಿಕಿತ್ಸೆಗೆ ದಿನಾಂಕ ಕೊಡುವ ಮುಂಚೆ ಪೆಥಾಲಜಿ ವಿಭಾಗಕ್ಕೆ ಹೋಗಿ ಸ್ಲೈಡ್ ನೋಡಿ ಬರುತ್ತೇನೆ. ರೇಡಿಯಲ್ ಸ್ಕಾರ್ ಎಂಬ ಕ್ಯಾನ್ಸರ್ ಅಲ್ಲದ ಗಂಟು ಕೂಡ ಬಯಾಪ್ಸಿಯ ಚೂರಿನಲ್ಲಿ ಇದೇ ವೇಷ ಹಾಕುತ್ತದೆ. ನಳಿಕೆಯ ಸುತ್ತ ಮಯೋಎಪಿಥೀಲಿಯಲ್ ಕೋಶಗಳ ಹೊರಪದರ ಸ್ಕಾರ್‌ನಲ್ಲಿ ಉಳಿದಿರುತ್ತದೆ, ಈ ಕ್ಯಾನ್ಸರ್‌ನಲ್ಲಿ ಇರುವುದಿಲ್ಲ; ಅದು ಇದೆಯೇ ಎಂಬುದನ್ನು ಸ್ಲೈಡ್ ಮೇಲೆ ಮಾಡುವ ಪಿ63 ಎಂಬ ಪರೀಕ್ಷೆ ತೋರಿಸುತ್ತದೆ.

ಗಣಿತದ ನಿವೃತ್ತ ಶಿಕ್ಷಕಿಯೊಬ್ಬರ ಗಂಟು ಒಂದು ಸೆಂಟಿಮೀಟರ್ ಕೂಡ ಇರಲಿಲ್ಲ. ಮ್ಯಾಮೊಗ್ರಾಮ್‌ನಲ್ಲಿ ಮುಳ್ಳುಮುಳ್ಳಾಗಿ ಕಂಡದ್ದು ಕೈಗೆ ಸಿಗಲೇ ಇಲ್ಲ. ಬೆಳಿಗ್ಗೆ ಅಲ್ಟ್ರಾಸೌಂಡ್ ನೋಡುತ್ತಾ ರೇಡಿಯಾಲಜಿಸ್ಟ್ ಗಂಟಿನೊಳಗೆ ಸಣ್ಣ ತಂತಿ ಇಳಿಸಿದರು. ಅದರ ಜಾಡು ಹಿಡಿದು ಸುತ್ತಲಿನ ಆರೋಗ್ಯವಂತ ಅಂಗಾಂಶದೊಂದಿಗೆ ಗಂಟನ್ನು ತೆಗೆದೆ. ಯಾವ ಅಂಚು ಯಾವ ದಿಕ್ಕಿನದು ಎಂದು ಗೊತ್ತಾಗಲು ದಾರದ ಗುರುತು ಹಾಕಿ, ತುಂಡನ್ನು ಎಕ್ಸ್‌ರೇಗೆ ಕಳುಹಿಸಿದೆ. ಗಂಟು ನಡುವೆಯೇ ಇದೆ ಎಂದು ಫೋನ್ ಬರುವವರೆಗೆ ಹೊಲಿಗೆ ಹಾಕುವುದಿಲ್ಲ. ಈ ವಿಷಯದಲ್ಲಿ ನಾನು ಹಟಮಾರಿ. ಸುಮಾರು ಹತ್ತರಲ್ಲಿ ಒಬ್ಬರಿಗೆ ಕಂಕುಳಿನ ಗ್ರಂಥಿಗೂ ಹರಡಿರುತ್ತದೆ. ಹಾಗಾಗಿ ಸ್ತನಕ್ಕೆ ನೀಲಿ ಬಣ್ಣ ಚುಚ್ಚಿ, ಬಣ್ಣ ಮೊದಲು ತಲುಪಿದ ಗ್ರಂಥಿಗಳನ್ನಷ್ಟೇ ತೆಗೆದೆ. ಎಲ್ಲವನ್ನೂ ಕಿತ್ತರೆ ಕೈ ಬಾವು ಜೀವನಪೂರ್ತಿ ಕಾಡಬಹುದು.

ಗ್ರಂಥಿ ಶುದ್ಧ, ಅಂಚು ಶುದ್ಧ, ಈಸ್ಟ್ರೊಜೆನ್ ಗ್ರಾಹಕ ಪಾಸಿಟಿವ್ (ಅಂದರೆ ಈಸ್ಟ್ರೊಜೆನ್ ಹಾರ್ಮೋನಿನ ಬಲದಿಂದ ಬೆಳೆಯುವ ಬಗೆ) ಎಂದು ವರದಿ ಬಂತು. ಕಿಮೋ ಬೇಕಿರಲಿಲ್ಲ, ಆ ಹಾರ್ಮೋನನ್ನು ತಡೆಯುವ ಮಾತ್ರೆ ಐದು ವರ್ಷ ಸಾಕು. ಉಳಿದದ್ದು ರೇಡಿಯೇಷನ್ ಪ್ರಶ್ನೆ. 65 ದಾಟಿದ ಇಂಥ ಮಹಿಳೆಯರ ಮೇಲೆ ನಡೆದ ಪ್ರೈಮ್-2 ಅಧ್ಯಯನದಲ್ಲಿ, ಮಾತ್ರೆಯ ಜೊತೆ ರೇಡಿಯೇಷನ್ ಕೊಟ್ಟವರಲ್ಲಿ ಹತ್ತು ವರ್ಷದೊಳಗೆ ಅದೇ ಸ್ತನದಲ್ಲಿ ಮರುಕಳಿಸಿದ್ದು ಶೇ 0.9, ಕೊಡದವರಲ್ಲಿ ಶೇ 9.5; ಬದುಕುಳಿದವರ ಪ್ರಮಾಣ ಮಾತ್ರ ಎರಡೂ ಕಡೆ ಒಂದೇ. ಬಿಟ್ಟರೂ ನಡೆಯುತ್ತದೆ ಎಂದೆ. ಅವರು ಅಂಕಿಗಳನ್ನು ಕಾಗದದಲ್ಲಿ ಬರೆದುಕೊಂಡು, 'ಒಂಬತ್ತೂವರೆ ನನಗೆ ಜಾಸ್ತಿಯಾಯಿತು ಡಾಕ್ಟರೇ' ಎಂದು ಮೂರು ವಾರದ ರೇಡಿಯೇಷನ್ ಆರಿಸಿಕೊಂಡರು. ಈಗ ವರ್ಷಕ್ಕೊಮ್ಮೆ ಎರಡೂ ಸ್ತನಗಳ ಮ್ಯಾಮೊಗ್ರಾಮ್ ಮಾಡಿಸುತ್ತಾರೆ.