ಸೈಕಲ್ ಹಿಂದೆ ಟ್ರೇಲರ್: ಕಟ್ಟುವ ಮೊದಲು, ಓಡಿಸುವಾಗ, ಮಗುಚಿದಾಗ

ಕಾರವಾರದ ಕೋಡಿಬಾಗದ ರಸ್ತೆಯಲ್ಲಿ ಸೈಕಲ್ ಹಿಂದೆ ಟ್ರೇಲರ್, ಅಂದರೆ ಮಗುವನ್ನು ಕೂರಿಸಿ ಎಳೆಯುವ ಪುಟ್ಟ ಗಾಡಿ, ಕಟ್ಟಿಕೊಂಡು ಹೊರಟರೆ ಜನ ನಿಲ್ಲಿಸಿ ಮಾತಾಡಿಸುತ್ತಾರೆ. ಎಲ್ಲಿ ಸಿಕ್ತು? ಎಷ್ಟು ಬಿತ್ತು? ನಾಯಿಯನ್ನೂ ಕೂರಿಸ್ತೀರಾ? ಬೇರೆ ಪ್ರಶ್ನೆ ಕೇಳಿದವರು ಒಬ್ಬರೇ, ನಮ್ಮ ಬೀದಿಗೆ ಬಂಗಡೆ, ತಾರಲೆ ತರುವ ಮೀನಿನಮ್ಮ. ಬುಟ್ಟಿ ಕೆಳಗಿಳಿಸಿದರು. ಬಲೆಯ ಕಿಟಕಿಯೊಳಗೆ ಇಣುಕಿದರು. "ಚಂದ ಇದೆ ತಂಗಿ. ಮಗು ಒಳಗಿದ್ದಾಗ ಮಗುಚಿದರೆ ಏನು ಮಾಡ್ತೀ?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಎರಡು ತಿಂಗಳಿಗೆ ಅದು ನಿಜವಾಗಿಯೂ ಮಗುಚಿತು. ಮಗಳಿಗೆ ಏನೂ ಆಗಲಿಲ್ಲ. ಆದರೆ ಆ ಐದು ನಿಮಿಷದಲ್ಲಿ ನಾನು ಮಾಡಿದ್ದರಲ್ಲಿ ಅರ್ಧ ತಪ್ಪು. ಹಾಗಾಗಿ ಟ್ರೇಲರ್ ಕೊಳ್ಳುವ ಯೋಚನೆ ಇರುವವರು ಕಟ್ಟುವುದನ್ನು ಕಲಿಯುವಾಗಲೇ ಬಿದ್ದರೆ ಏನು ಮಾಡಬೇಕು ಎಂಬುದನ್ನೂ ಕಲಿತುಬಿಡಿ. ಎರಡನ್ನೂ ಮನೆಯಂಗಳದಲ್ಲೇ ಕಲಿಯಬಹುದು.

ಯಾರನ್ನು ಕೂರಿಸಬಹುದು?

ಒಂದು ವರ್ಷ ತುಂಬದ ಮಗು ಬೇಡ. ತುಂಬಿದ ಮೇಲೂ ಹೆಲ್ಮೆಟ್ ಹಾಕಿಕೊಂಡು ತಾನಾಗಿ ನೆಟ್ಟಗೆ ಕೂರುವಷ್ಟು ಕುತ್ತಿಗೆ ಗಟ್ಟಿಯಾಗಿರಬೇಕು. ನಮ್ಮ ರಸ್ತೆಗಳ ಕುಲುಕಾಟ ನಿಮಗೆ ಗೊತ್ತೇ ಇದೆ. ಎಳೆ ಕುತ್ತಿಗೆ ಅದನ್ನು ತಡೆಯುವುದಿಲ್ಲ. ಇಬ್ಬರು ಮಕ್ಕಳ ಟ್ರೇಲರ್‌ಗಳು ಸಾಮಾನ್ಯವಾಗಿ 45 ಕಿಲೋವರೆಗೆ ತಡೆಯುತ್ತವೆ, ಒಂದು ಮಗುವಿನವು ಅದಕ್ಕಿಂತ ಕಡಿಮೆ. ನಿಮ್ಮದರ ಮಿತಿ ಎಷ್ಟು ಎಂದು ಅದರ ಮೇಲಿನ ಚೀಟಿ ನೋಡಿ. ಹಿಂದಿನ ಜೇಬಿಗೆ ತುರುಕುವ ನೀರಿನ ಬಾಟಲಿ, ಎಳನೀರು, ಮೀನಿನ ಚೀಲ ಎಲ್ಲವೂ ಆ ಲೆಕ್ಕದೊಳಗೇ ಬರಬೇಕು. ಮಗುವಿಗೆ ಎರಡು ಭುಜ, ಸೊಂಟ ಮತ್ತು ಕಾಲ ನಡುವೆ ಬರುವ ಐದು ಪಟ್ಟಿಯ ಬೆಲ್ಟ್ ಇರಲೇಬೇಕು.

ನಾಯಿಯ ಟ್ರೇಲರ್ ಬೇರೆಯೇ. ಮಕ್ಕಳದರಲ್ಲಿ ಕೂರುವ ಜಾಗ ಜೋಲಿಯಂತೆ ಬಟ್ಟೆಯದು. ನಾಯಿಗೆ ಅಲ್ಲಿ ಕಾಲೂರಲು ಆಗುವುದಿಲ್ಲ, ಉಗುರಿಗೆ ಬಟ್ಟೆಯೂ ಹರಿಯುತ್ತದೆ. ನಾಯಿಗೆ ಗಟ್ಟಿ, ಸಮತಟ್ಟಾದ ತಳ ಬೇಕು. ಮೇಲೆ ಒಂದು ಗೋಣಿ ಹಾಸಿದರೆ ಜಾರುವುದಿಲ್ಲ. ಒಳಗಿನ ಚಿಕ್ಕ ಹಗ್ಗವನ್ನು ಕೊರಳಪಟ್ಟಿಗೆ ಸಿಕ್ಕಿಸಬೇಡಿ, ಎದೆಗೆ ಹಾಕುವ ಹಾರ್ನೆಸ್‌ಗೆ ಸಿಕ್ಕಿಸಿ. ನಾಯಿ ಹಾರಿದರೆ ಕೊರಳಪಟ್ಟಿ ನೇಣಾಗುತ್ತದೆ. ಮಗುವನ್ನೂ ನಾಯಿಯನ್ನೂ ಒಟ್ಟಿಗೆ ಕೂರಿಸುವುದು ಫೋಟೊದಲ್ಲಿ ಮಾತ್ರ ಚೆಂದ. ದಯವಿಟ್ಟು ಬೇಡ.

ಕೊಂಡಿ ಕಟ್ಟುವುದು

ಇಡೀ ಕೆಲಸದಲ್ಲಿ ಜಾಸ್ತಿ ಹೊತ್ತು ಕೊಡಬೇಕಾದ ಜಾಗ ಇದು. ಹೆಚ್ಚಿನ ಟ್ರೇಲರ್‌ಗಳ ಕೊಂಡಿ ಕೂರುವುದು ಸೈಕಲ್‌ನ ಹಿಂದಿನ ಚಕ್ರದ ಎಡಗಡೆ, ಅಂದರೆ ಚೈನ್ ಇಲ್ಲದ ಬದಿಗೆ. ಆ್ಯಕ್ಸಲ್‌ನ (ಚಕ್ರದ ನಡುವಿನ ಕಡ್ಡಿಯ) ನಟ್ಟು ಬಿಚ್ಚಿ, ಕೊಂಡಿಯ ಪಟ್ಟಿಯನ್ನು ಆ್ಯಕ್ಸಲ್‌ಗೆ ತೂರಿಸಿ, ಮತ್ತೆ ನಟ್ಟು ಬಿಗಿಯಬೇಕು. ಹೇಳಲು ಇಷ್ಟೇ. ಆದರೆ ನಮ್ಮ ಸಾಮಾನ್ಯ ಸೈಕಲ್‌ಗಳಲ್ಲಿ ಸ್ಟ್ಯಾಂಡು, ಕ್ಯಾರಿಯರು, ಮಡ್‌ಗಾರ್ಡ್ ಕಡ್ಡಿ ಎಲ್ಲವೂ ಅದೇ ಆ್ಯಕ್ಸಲ್ ಮೇಲೆ ಕೂತಿರುತ್ತವೆ. ಕೊಂಡಿಯೂ ಸೇರಿದರೆ ನಟ್ಟಿಗೆ ಹಿಡಿಯಲು ಮರೆಯೇ, ಅಂದರೆ ತಿರುಪಿನ ಸುತ್ತುಗಳೇ, ಉಳಿಯುವುದಿಲ್ಲ.

ಸೈಕಲ್ ರಿಪೇರಿಯ ಹುಡುಗ ತೋರಿಸಿದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದೆ. ನಟ್ಟು ಬಿಗಿದ ಮೇಲೆ ಆ್ಯಕ್ಸಲ್ ತುದಿಗೆ ಬೆರಳು ಇಟ್ಟು, "ಅಕ್ಕಾ, ಇಲ್ಲಿ ಮುಟ್ಟಿ ನೋಡಿ. ನಟ್ಟಿನಿಂದ ಎರಡು ಮರೆ ಹೊರಗೆ ಕಾಣಬೇಕು. ನಿಮ್ಮದು ಒಳಗೇ ಇದೆ" ಅಂದ. ನಾನು ಮನೆಯಲ್ಲಿ ಬಿಗಿದದ್ದು ಮೂರೇ ಸುತ್ತು ಹಿಡಿದಿತ್ತು. ಉದ್ದದ ಆ್ಯಕ್ಸಲ್ ಹಾಕಿದ ಮೇಲೆ ಸರಿಯಾಯಿತು. ನೀವೂ ಹಾಗೆಯೇ ಬೆರಳಿಟ್ಟು ನೋಡಿ.

ಕೊಂಡಿಗೆ ಪಿನ್ ಹಾಕಿದ ನಂತರ ಇನ್ನೊಂದು ಪಟ್ಟಿ ಇರುತ್ತದೆ. ಅದನ್ನು ಸೈಕಲ್ ಫ್ರೇಮಿನ ಕೊಳವೆ ಸುತ್ತಿ ತಂದು ಮತ್ತೆ ಟ್ರೇಲರನ್ನು ಎಳೆಯುವ ಕೋಲಿಗೆ ಸಿಕ್ಕಿಸಬೇಕು. ಪಿನ್ ಮುರಿದರೂ ಗಾಡಿ ಕೈಬಿಟ್ಟು ಓಡದಂತೆ ಹಿಡಿಯುವುದು ಅದೊಂದೇ. ಅವಸರದಲ್ಲಿ ಅದನ್ನೇ ಬಿಟ್ಟು ಹೊರಡುವವರನ್ನು ನೋಡಿದ್ದೇನೆ.

ಈಗ ಖಾಲಿ ಟ್ರೇಲರ್ ಕಟ್ಟಿದ ಸೈಕಲನ್ನು ಅಂಗಳದಲ್ಲಿ ನಿಧಾನಕ್ಕೆ ಪಕ್ಕಕ್ಕೆ ಮಲಗಿಸಿ. ಒಳ್ಳೆಯ ಕೊಂಡಿ ತಿರುಗುತ್ತದೆ. ಸೈಕಲ್ ಮಲಗುತ್ತದೆ, ಟ್ರೇಲರ್ ನೆಟ್ಟಗೆ ನಿಂತೇ ಇರುತ್ತದೆ. ಸೈಕಲ್ ಹಿಂದಿನ ಕುರ್ಚಿಗಿಂತ ಟ್ರೇಲರ್ ಮೇಲು ಎನ್ನಲು ನನಗಿರುವ ದೊಡ್ಡ ಕಾರಣ ಇದು. ಕುರ್ಚಿಯಲ್ಲಿದ್ದ ಮಗು ನಿಮ್ಮ ಜತೆಗೇ ಅಷ್ಟೆತ್ತರದಿಂದ ಬೀಳುತ್ತದೆ. ಮಲಗಿಸಿದಾಗ ಟ್ರೇಲರ್ ಕೂಡ ವಾಲಿದರೆ ಆ ಕೊಂಡಿ ನಂಬಬೇಡಿ.

ಮೊದಲ ಸವಾರಿ ಅಕ್ಕಿ ಚೀಲಕ್ಕೆ

ಹತ್ತು ಕಿಲೋ ಅಕ್ಕಿ ಚೀಲಕ್ಕೆ ಬೆಲ್ಟ್ ಹಾಕಿ ಬೆಳಿಗ್ಗೆ ಬೇಗ ಮಾಲಾದೇವಿ ಮೈದಾನದಂಥ ಖಾಲಿ ಜಾಗಕ್ಕೆ ಹೋಗಿ. ಎರಡು ವಿಷಯ ಅಲ್ಲೇ ಅರ್ಥವಾಗುತ್ತದೆ. ಒಂದು, ತಿರುವಿನಲ್ಲಿ ಟ್ರೇಲರ್ ಸೈಕಲ್ ಹೋದ ದಾರಿಯಲ್ಲೇ ಬರುವುದಿಲ್ಲ, ಒಳಗಿನಿಂದ ಕತ್ತರಿಸಿಕೊಂಡು ಬರುತ್ತದೆ. ನೀವು ಕಲ್ಲು ತಪ್ಪಿಸಿದಿರಿ ಅಂದುಕೊಂಡರೂ ಅದರ ಚಕ್ರ ಹತ್ತಿರುತ್ತದೆ. ಇನ್ನೊಂದು, ಸಾಮಾನ್ಯವಾಗಿ ಟ್ರೇಲರ್‌ಗೆ ಬ್ರೇಕ್ ಇರುವುದಿಲ್ಲ. ನೀವು ಬ್ರೇಕ್ ಹಿಡಿದರೆ ಅದು ಹಿಂದಿನಿಂದ ದೂಡುತ್ತದೆ. ಮೊದಲು ಹಿಂದಿನ ಬ್ರೇಕ್, ಆಮೇಲೆ ಮುಂದಿನದು, ಎರಡೂ ಮೆಲ್ಲಗೆ, ಸೈಕಲ್ ನೇರ ಇರುವಾಗಲೇ. ತಿರುಗುತ್ತಾ ಗಕ್ಕನೆ ಹಿಡಿದರೆ ಟ್ರೇಲರ್ ಪಕ್ಕಕ್ಕೆ ಬಂದು ಸೈಕಲನ್ನು ಮಡಚಿ ಹಾಕುತ್ತದೆ. ನೇರ ರಸ್ತೆಯಲ್ಲೂ ಗಂಟೆಗೆ 24 ಕಿಲೋಮೀಟರ್ ದಾಟಬಾರದು, ತಿರುವಿನಲ್ಲಿ 8 ಸಾಕು. ಮಗು ಕೂತಿದ್ದರೆ ನಾನು 12ರ ಮೇಲೆ ಹೋಗುವುದೇ ಇಲ್ಲ.

ನಾಯಿಗೆ ಅವಸರ ಬೇಡ. ಮೊದಲ ಎರಡು ದಿನ ನಿಂತ ಟ್ರೇಲರ್ ಒಳಗೆ ಊಟ ಕೊಡಿ. ಆಮೇಲೆ ಕೈಯಲ್ಲಿ ತಳ್ಳಿ. ಸೈಕಲ್ಲಿಗೆ ಕಟ್ಟುವುದು ಕೊನೆಗೆ. ನಮ್ಮ ಕರಿಯನಿಗೆ ಹನ್ನೆರಡು ದಿನ ಬೇಕಾಯಿತು.

ದಾರಿ ಮತ್ತು ಹವೆ

ರಾಷ್ಟ್ರೀಯ ಹೆದ್ದಾರಿ 66ಕ್ಕೆ ಟ್ರೇಲರ್ ಇಳಿಸಬೇಡಿ. ಕಾಳಿ ಸೇತುವೆ ಬೇಡ, ಬಿಣಗಾ ಕಡೆಯ ಸುರಂಗವಂತೂ ಬೇಡವೇ ಬೇಡ. ಟ್ರೇಲರ್ ತಗ್ಗಿನಲ್ಲಿರುತ್ತದೆ, ಲಾರಿಯ ಎತ್ತರದಿಂದ ನೋಡುವವರಿಗೆ ಅದು ಕಾಣುವುದೇ ಇಲ್ಲ. ಟ್ರೇಲರ್ ಮೇಲೆ ನೆಟ್ಟ ಉದ್ದ ಕೋಲಿನ ತುದಿಯ ಕೇಸರಿ ಬಾವುಟ ಇರುವುದು ಅದಕ್ಕೇ, ತೆಗೆದಿಡಬೇಡಿ. ಸಂಜೆಯಾದರೆ ಕೆಂಪು ದೀಪವನ್ನು ಟ್ರೇಲರ್ ಹಿಂದೆ ಕಟ್ಟಿ. ಸೈಕಲ್‌ಗೆ ಕಟ್ಟಿದರೆ ಟ್ರೇಲರ್ ಅದನ್ನು ಮರೆಮಾಡುತ್ತದೆ. ಶಿರಸಿ ಕಡೆಯವರು ಇಳಿಜಾರು ರಸ್ತೆ ಬಿಟ್ಟು ಊರೊಳಗಿನ ಸಮ ರಸ್ತೆ ನೋಡಿಕೊಳ್ಳಿ.

ಏಪ್ರಿಲ್, ಮೇ ಬಿಸಿಲಲ್ಲಿ ಮಳೆಯ ಪ್ಲಾಸ್ಟಿಕ್ ಹೊದಿಕೆ ಮುಚ್ಚಿದರೆ ಒಳಗೆ ಇಡ್ಲಿ ಪಾತ್ರೆಯ ಹಾಗೆ ಬೇಯುತ್ತದೆ. ಬಲೆ ಮಾತ್ರ ಇರಲಿ. ಬೆಳಿಗ್ಗೆ ಎಂಟರೊಳಗೆ ಅಥವಾ ಸಂಜೆ ಐದರ ಮೇಲೆ ಹೊರಡಿ. ನಿಲ್ಲಿಸಿದ ಟ್ರೇಲರ್‌ನಲ್ಲಿ ಮಗುವನ್ನೋ ನಾಯಿಯನ್ನೋ ಬಿಟ್ಟು ಅಂಗಡಿಗೆ ಹೋಗಬೇಡಿ.

ಸಮುದ್ರದ ಗಾಳಿ ಕಬ್ಬಿಣವನ್ನು ತಿನ್ನುತ್ತದೆ. ಟ್ಯಾಗೋರ್ ಕಡಲತೀರಕ್ಕೆ ಹೋಗಿ ಬಂದ ದಿನ ಕೊಂಡಿ, ಪಿನ್, ಚಕ್ರದ ನಡುವನ್ನು ಸಿಹಿನೀರಿನಲ್ಲಿ ತೊಳೆದು, ಒರೆಸಿ, ಪಿನ್ನಿಗೆ ಗ್ರೀಸ್ ಸವರಿ. ತುಕ್ಕು ಹಿಡಿದ ಪಿನ್ ಅರ್ಧಕ್ಕೇ ಕೂತು, ಪೂರ್ತಿ ಕೂತ ಹಾಗೆ ಕಾಣುತ್ತದೆ.

ಮಗುಚಿದಾಗ

ಆ ಸಂಜೆ ತಿರುವಿನಲ್ಲಿ ಎದುರಿನಿಂದ ಸ್ಕೂಟರ್ ಅಡ್ಡಬಂತು. ನಾನು ಎಡಕ್ಕೆ ಸರಿದೆ. ಸೈಕಲ್ ಉಳಿಯಿತು, ಟ್ರೇಲರ್‌ನ ಎಡ ಚಕ್ರ ಚಪ್ಪಡಿ ಕಿತ್ತುಹೋದ ಗಟಾರಕ್ಕೆ ಇಳಿದು ಗಾಡಿ ಮಗುಚಿತು. ಮಗಳು ಬೆಲ್ಟಿನಲ್ಲಿ ನೇತಾಡುತ್ತಾ ಅಳುತ್ತಿದ್ದಳು. ನಾನು ಓಡಿಹೋಗಿ ಮಾಡಿದ ಮೊದಲ ಕೆಲಸ ಬಕಲ್ ಒತ್ತಿದ್ದು. ಅವಳು ದೊಪ್ಪನೆ ಭುಜದ ಮೇಲೆ ಬಿದ್ದಳು. ಹೆಲ್ಮೆಟ್ ಇಲ್ಲದಿದ್ದರೆ ತಲೆಗೇ ಪೆಟ್ಟು.

ಮೀನಿನಮ್ಮ ಕೇಳಿದ್ದಕ್ಕೆ ಈಗ ನನ್ನ ಉತ್ತರ ಇದು. ಬಕಲ್ ಮುಟ್ಟಬೇಡಿ. ಮೊದಲು ಹಿಂದೆ ಮುಂದೆ ನೋಡಿ, ಇಬ್ಬರನ್ನು ಎರಡೂ ಕಡೆ ನಿಲ್ಲಿಸಿ ವಾಹನ ತಡೆಯಿರಿ. ಒಬ್ಬರು ಮಗುವಿನ ತಲೆಯನ್ನೂ ಕುತ್ತಿಗೆಯನ್ನೂ ಎರಡು ಕೈಯಲ್ಲಿ ಆನಿಸಿ ಹಿಡಿಯಿರಿ. ಮಿಕ್ಕವರು ಬೆಲ್ಟ್ ಹಾಕಿದ ಹಾಗೇ ಟ್ರೇಲರನ್ನು ನಿಧಾನಕ್ಕೆ ನೆಟ್ಟಗೆ ಮಾಡಲಿ. ಮಗು ಅಳುತ್ತಿದ್ದರೆ ಉಸಿರು ಚೆನ್ನಾಗಿದೆ ಎಂದರ್ಥ. ಸುಮ್ಮನಿರುವ ಮಗುವನ್ನು ಕಂಡರೆ ಜಾಸ್ತಿ ಎಚ್ಚರ ಬೇಕು. ಕುತ್ತಿಗೆ ನೋವು, ಕೈಕಾಲು ಜೋಮು, ಮಂಕು ಕಂಡರೆ ಕೂತಲ್ಲೇ ಇರಲಿ, ಹೆಲ್ಮೆಟ್ಟೂ ಇರಲಿ, ಆಂಬುಲೆನ್ಸ್ ಬರಲಿ. ರಕ್ತ ಸುರಿಯುತ್ತಿದ್ದರೆ ಶುದ್ಧ ಬಟ್ಟೆ ಒತ್ತಿ ಹಿಡಿಯಿರಿ, ನಿಮಿಷಕ್ಕೊಮ್ಮೆ ತೆಗೆದು ನೋಡಬೇಡಿ. ನೀರು ಕುಡಿಸಬೇಡಿ. ನಮ್ಮೂರಲ್ಲಿ ಬಿದ್ದವರಿಗೆ ಮೊದಲು ಬರುವುದೇ ನೀರಿನ ಚೊಂಬು. ಪ್ರೀತಿಯಿಂದಲೇ ತರುತ್ತಾರೆ, ಆದರೆ ಮಂಕಾದವರಿಗೆ ಅದು ಉಸಿರಿನ ಕೊಳವೆಗೆ ಹೋಗಬಹುದು.

ಮಗುವಿಗೆ ಎಚ್ಚರವೂ ಇಲ್ಲ, ಸರಿಯಾದ ಉಸಿರೂ ಇಲ್ಲ ಎಂದರೆ ಮಾತ್ರ ಕಾಯಬೇಡಿ. ತಲೆ ಆನಿಸಿಕೊಂಡೇ ಹೊರತೆಗೆದು ಗಟ್ಟಿ ನೆಲದ ಮೇಲೆ ಮಲಗಿಸಿ. ಎದೆಯ ನಡುವೆ ಅಂಗೈ ಇಟ್ಟು ಸುಮಾರು 5 ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ ಒತ್ತಿ. 30 ಸಲ ಒತ್ತಿ 2 ಸಲ ಉಸಿರು ಊದಿ. ಸಹಾಯ ಬರುವವರೆಗೆ ನಿಲ್ಲಿಸಬೇಡಿ.

ಫೋನ್ ಮಾಡಲು ಒಬ್ಬರನ್ನೇ ಬೆರಳು ತೋರಿಸಿ ನೇಮಿಸಿ. "ಯಾರಾದ್ರೂ ಮಾಡಿ" ಅಂದರೆ ಯಾರೂ ಮಾಡುವುದಿಲ್ಲ. ಆಂಬುಲೆನ್ಸ್‌ಗೆ 108, ಪೊಲೀಸ್ ಸೇರಿ ಎಲ್ಲದಕ್ಕೂ 112, ರಾಷ್ಟ್ರೀಯ ಹೆದ್ದಾರಿಯಾದರೆ 1033. ಮಗುವಿಗೆ ಪೆಟ್ಟಾಗಿದೆ, ವಯಸ್ಸು ಇಷ್ಟು, ಹತ್ತಿರದ ಗುರುತು ಇದು ಎಂದು ಮೂರು ಮಾತು ಹೇಳಿ. ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ತಲೆಗೆ ದೊಡ್ಡ ಪೆಟ್ಟಾದರೆ ಮಣಿಪಾಲ, ಹುಬ್ಬಳ್ಳಿ, ಇಲ್ಲ ಗೋವಾ ದಾರಿ ಹಿಡಿಯಬೇಕಾಗುವುದು ಎಲ್ಲರಿಗೂ ಗೊತ್ತು. 2022ರಲ್ಲಿ ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು ಜನ ಬೀದಿಗಿಳಿದಿದ್ದೂ ಅದಕ್ಕೇ. ದಾರಿ ಅಷ್ಟು ಉದ್ದ ಇರುವಾಗ ರಸ್ತೆಬದಿಯಲ್ಲಿ ಕಳೆಯುವ ಹತ್ತು ನಿಮಿಷ ಬಹಳ ದುಬಾರಿ.

ನೋಡುತ್ತಾ ನಿಂತವರಿಗೂ ಒಂದು ಮಾತು. ಕೇಸು, ಕೋರ್ಟು ಎಂದು ಹೆದರಿ ಹಿಂದೆ ಸರಿಯಬೇಡಿ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿಸಿದ 134ಎ ಕಲಂ ಸಹಾಯ ಮಾಡಿದವರಿಗೆ ರಕ್ಷಣೆ ಕೊಡುತ್ತದೆ. ನಿಮ್ಮ ಹೆಸರು, ವಿಳಾಸ ಹೇಳಲೇಬೇಕೆಂದು ಯಾರೂ ಒತ್ತಾಯಿಸುವಂತಿಲ್ಲ.

ನಾಯಿಗೆ ಪೆಟ್ಟಾಗಿದ್ದರೆ

ಎಷ್ಟೇ ಸಾಧು ನಾಯಿಯಾದರೂ ನೋವಿನಲ್ಲಿ ಕಚ್ಚುತ್ತದೆ. ಉಸಿರಾಟ ಸರಿಯಿದ್ದರೆ, ವಾಂತಿ ಇಲ್ಲದಿದ್ದರೆ, ದುಪಟ್ಟಾದಿಂದ ಮೂತಿಗೆ ಸಡಿಲವಾಗಿ ಒಂದು ಸುತ್ತು ಕಟ್ಟಿ. ಎತ್ತಿಕೊಳ್ಳುವ ಬದಲು ಹಲಗೆ ಅಥವಾ ಬೆಡ್‌ಶೀಟ್ ಮೇಲೆ ಸರಿಸಿ ಒಯ್ಯಿರಿ. ಪಶು ಆಂಬುಲೆನ್ಸ್‌ಗೆ 1962.

ಅದಾದ ಮೇಲೆ

ಗಾಡಿ ಸರಿಸುವ ಮೊದಲು ಎರಡು ಫೋಟೊ ತೆಗೆಯಿರಿ, ಇನ್ನೊಂದು ವಾಹನದ ನಂಬರ್ ಬರೆದುಕೊಳ್ಳಿ. ರಸ್ತೆಯಲ್ಲೇ "ಐನೂರು ಇಟ್ಕೊಳ್ಳಿ, ಮುಗಿಸಿ" ಎಂಬ ರಾಜಿಗೆ ಒಪ್ಪಬೇಡಿ. ಪೆಟ್ಟು ಎಷ್ಟು ಎಂದು ಆಗ ಗೊತ್ತೇ ಇರುವುದಿಲ್ಲ. ಮೋಟಾರು ವಾಹನದಿಂದ ಆದ ಅಪಘಾತಕ್ಕೆ 2025ರ ಮೇ ತಿಂಗಳಿನಿಂದ ಕೇಂದ್ರದ ನಗದುರಹಿತ ಚಿಕಿತ್ಸೆ ಯೋಜನೆ ಇದೆ. ನಿಗದಿತ ಆಸ್ಪತ್ರೆಗಳಲ್ಲಿ 7 ದಿನದವರೆಗೆ, ಒಬ್ಬರಿಗೆ ಒಂದೂವರೆ ಲಕ್ಷ ರೂಪಾಯಿವರೆಗೆ. ಪೊಲೀಸರಿಗೆ ತಿಳಿಸಿರಬೇಕು. ಆಸ್ಪತ್ರೆಯಲ್ಲಿ ನೀವಾಗಿಯೇ ಕೇಳಿ.

ಮೊದಲ ಎರಡು ದಿನ ಮಗುವಿನ ಮೇಲೆ ಕಣ್ಣಿರಲಿ. ಮತ್ತೆ ಮತ್ತೆ ವಾಂತಿ, ಎಬ್ಬಿಸಲಾಗದ ನಿದ್ದೆ, ಫಿಟ್ಸ್, ಕಿವಿ ಮೂಗಿನಲ್ಲಿ ತಿಳಿ ನೀರು, ಒಂದು ಕಣ್ಣಿನ ಪಾಪೆ ದೊಡ್ಡದು ಒಂದು ಚಿಕ್ಕದು, ಇವುಗಳಲ್ಲಿ ಯಾವುದು ಕಂಡರೂ ರಾತ್ರಿಯಾದರೂ ಹೊರಡಿ.

ನೆಲಕ್ಕೆ ಬಡಿದ ಹೆಲ್ಮೆಟ್ ಬಿರುಕು ಕಾಣದಿದ್ದರೂ ಬಿಸಾಡಿ. ಕೊಂಡಿ, ಪಿನ್, ಬೆಲ್ಟಿನ ಹೊಲಿಗೆ ನೋಡಿ. ನಮ್ಮ ಟ್ರೇಲರ್‌ನ ಎಡ ಚಕ್ರದ ರಿಮ್ ಸೊಟ್ಟಗಾಗಿತ್ತು, ಕೊಂಡಿಯ ಒಳಗೆ ಕೂದಲೆಳೆಯಷ್ಟು ಬಿರುಕು. ಎರಡೂ ಹೊಸದಾಗಿ ಹಾಕಿಸಿದೆವು. ಟ್ರೇಲರ್ ಜೇಬಿನಲ್ಲಿ ಈಗ ಪ್ಲಾಸ್ಟಿಕ್ ಕವರಿನೊಳಗೆ ಒಂದು ಕಾರ್ಡ್ ಇದೆ. ಮಗಳ ಹೆಸರು, ರಕ್ತದ ಗುಂಪು, ಎರಡು ಫೋನ್ ನಂಬರ್, ಕರಿಯನ ಲಸಿಕೆಯ ತಾರೀಕು. ರಿಪೇರಿ ಆಗಿ ಬಂದ ಮರುದಿನ ಬೆಳಿಗ್ಗೆ ಮೈದಾನಕ್ಕೆ ಹೊರಟಾಗ ಒಳಗೆ ಬೆಲ್ಟ್ ಹಾಕಿಕೊಂಡು ಕೂತಿದ್ದು ಮತ್ತೆ ಅಕ್ಕಿ ಚೀಲವೇ.